ನೂರಕ್ಕೆ ಎರಡು ಹೆಚ್ಚು

ಒಂಬತ್ತನೆಯ ಕಂತು

ತೂಕದಮ್ಮ ನಿದ್ದೆ ಹೋಗಿದ್ದಾರೆ ಎಂದು ಎಲ್ಲರೂ ನಂಬಿದ್ದರು. ನಂಬಲಿ ಎಂದೇ ಅವರು ಕಣ್ಣು ಮುಚ್ಚಿದ್ದು. ಆಮೇಲೆ ಸ್ವಲ್ಪ ನಿಜವಾಗಿಯೂ ನಿದ್ದೆ ಬಂದುಬಿಟ್ಟಿತು, ಅದು ಬೇರೆ ಮಾತು.

ಹೊಸ ಮಷಿನ್ನಿನ ಮುಂದೆ ಹಾಕಿದ್ದ ಬೆತ್ತದ ಕುರ್ಚಿಯಲ್ಲಿ ಅವರ ತಲೆ ಒಂದು ಕಡೆ ವಾಲಿತ್ತು. ತೊಡೆಯ ಮೇಲೆ ಕೈಚೀಲ, ಚೀಲದ ಮೇಲೆ ಎರಡೂ ಕೈ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳ ಸುಳ್ಳು ಹಿಡಿದ ಹೆಂಗಸು ಅವರು. ನಿವೃತ್ತಿಯಾದ ಮೇಲೆ ಮನುಷ್ಯರ ಸುಳ್ಳು ಹಿಡಿಯುವುದನ್ನು ಕಸುಬು ಮಾಡಿಕೊಂಡಿದ್ದರು. ‘ತೂಕದಮ್ಮ ತೂಗುವುದಕ್ಕಿಂತ ತೂಕಡಿಸುವುದೇ ಹೆಚ್ಚು’ ಎಂದು ಕಾರ್ಖಾನೆಯವರು ಮೂರೇ ದಿನದಲ್ಲಿ ಗಾದೆ ಕಟ್ಟಿದ್ದರು. ಅದು ಅವರ ಕಿವಿಗೂ ಬಿದ್ದು, ಪರವಾಗಿಲ್ಲ, ಚೆನ್ನಾಗಿದೆ ಎಂದು ಮೆಚ್ಚಿಕೊಂಡಿದ್ದರು.

ಮುಚ್ಚಿದ ರೆಪ್ಪೆಯ ಒಳಗೂ ಬೆಳಕು ಬರುತ್ತಿತ್ತು. ಎದುರಿಗೆ ಕೋಣೆಯಷ್ಟು ದೊಡ್ಡ ಬಿಳಿಯ ಪೆಟ್ಟಿಗೆ, ಅದರ ಎದೆಯ ಮಟ್ಟದಲ್ಲಿ ಕಡು ಹಸಿರು ಗಾಜಿನ ಕಿಟಕಿ. ಗಾಜಿನಾಚೆ ಒಂದು ಮೂತಿ ಉಕ್ಕಿನ ಪುಡಿಯನ್ನು ಉದುರಿಸುತ್ತಿತ್ತು. ನೆಲ ಮುಟ್ಟುವ ಮೊದಲೇ ಬೆಳಕಿನ ಎಳೆಯೊಂದು ಅದನ್ನು ಕರಗಿಸಿ ಸುತ್ತಿನ ಮೇಲೆ ಸುತ್ತು ಅಂಟಿಸುತ್ತಿತ್ತು. ಸ್ವಲ್ಪ ಹೊತ್ತು ಬೆಳೆಸಿ ಮೂತಿ ಹಿಂದೆ ಸರಿಯುವುದು, ಕಟರ್ ಮುಂದೆ ಬಂದು ಬೆಳೆದದ್ದನ್ನು ಕೆತ್ತಿ ನುಣುಪು ಮಾಡುವುದು. ಬೆಳೆಸುವ ಕೈಯೂ ಅದೇ, ಬೋಳಿಸುವ ಕೈಯೂ ಅದೇ. ನೋಡುತ್ತ ಕೂತರೆ ಗಡಿಯಾರದ ಮುಳ್ಳು ಎಲ್ಲಿದ್ದದ್ದು ಎಲ್ಲಿಗೆ ಹೋಯಿತು ಎಂಬುದೇ ತಿಳಿಯುತ್ತಿರಲಿಲ್ಲ.

ಒಳಗೆ ಬೆಳೆಯುತ್ತಿದ್ದದ್ದು ಒಂದು ರೆಕ್ಕೆಚಕ್ರ, ಪಂಪಿನ ಹೊಟ್ಟೆಯಲ್ಲಿ ತಿರುಗಿ ನೀರನ್ನು ಮೇಲಕ್ಕೆ ದೂಡುವಂಥದ್ದು. ಇದು ಏಳನೆಯದು. ಹಿಂದಿನ ಆರೂ ಕೆಟ್ಟಿದ್ದವು, ಯಾಕೆ ಕೆಟ್ಟವು ಎಂದು ಪತ್ತೆ ಹಚ್ಚಲು ತೂಕದಮ್ಮ ಬಂದಿದ್ದರು.

“ನೋಡಿ ಸರ್, ಲೆಕ್ಕ ಸರಳ,” ಎಂದು ಅವರ ತಲೆಯ ಮೇಲೆ ಒಂದು ದನಿ ಕೇಳಿತು. ಮಷಿನ್ ಕಂಪನಿಯವನು. ಬೇಸಿಗೆಯಲ್ಲೂ ಟೈ ಬಿಚ್ಚದ ಕಾರಣ ಎಲ್ಲರ ಬಾಯಲ್ಲೂ ಅವನು ಟೈ ಸಾಹೇಬ. “ಇಂಥದ್ದೊಂದು ಚಕ್ರಕ್ಕೆ ನಿಮ್ಮ ಮೇಸ್ತ್ರಿ ಮರದ ಅಚ್ಚು ಕೆತ್ತೋಕೇ ಇಪ್ಪತ್ತು ದಿನ. ಆಮೇಲೆ ಮರಳು, ಎರಕ, ತಣಿಯೋದು, ಉಜ್ಜೋದು. ನಮ್ಮದು ಎರಡೇ ದಿನ.”

“ಎರಡು ದಿನಕ್ಕೊಂದು ಗುಜರಿ,” ಎಂದರು ಯಜಮಾನರು. “ಆರು ಆಯ್ತು.”

“ಅದು ಮಷಿನ್ನಿನ ತಪ್ಪಲ್ಲ ಸರ್, ಓಡಿಸೋ ಕೈಯ ತಪ್ಪು. ಆ ಹುಡುಗಿ ಬೇಕಂತಲೇ ಕೆಡಿಸ್ತಿದಾಳೆ. ಅವಳನ್ನ ತೆಗೀರಿ, ಮಷಿನ್ ಇಟ್ಕೊಳಿ. ಆದ್ರೆ ಒಂದು ಮಾತು. ಇದು ದಿನಾ ಓಡಿದ್ರೇ ನಿಮಗೆ ಗಿಟ್ಟೋದು. ವಾರಕ್ಕೊಂದು ದಿನ ಓಡ್ಸಿದ್ರೆ ಕಟ್ಟಿಹಾಕಿದ ಆನೆ, ಮೇವು ಮಾತ್ರ ತಿನ್ನುತ್ತೆ. ದಿನಾ ಓಡಬೇಕು ಅಂದ್ರೆ ಆ ಮರದ ಅಚ್ಚು ಕೆತ್ತೋ ಪ್ಯಾಟರ್ನ್ ಶಾಪಿನ ಕೆಲಸ ಪೂರ್ತಿ ಇದರ ಬಾಯಿಗೆ ಬರಬೇಕು. ಆ ಶಾಪನ್ನ ಮುಚ್ಚಿ.”

ಯಜಮಾನರು ಉಸಿರು ಬಿಟ್ಟರು. ಅವರು ಹುಟ್ಟಾ ಕಾರ್ಖಾನೆಯವರಲ್ಲ. ಬಟ್ಟೆ ಅಂಗಡಿಯ ಮನೆಯ ಮಗ, ಮಾವನ ಕಾಲಾನಂತರ ಈ ಕಬ್ಬಿಣದ ಸಂಸಾರ ಅವರ ಕೊರಳಿಗೆ ಬಿದ್ದಿತ್ತು. ಹನ್ನೆರಡು ವಾರದ ಪರೀಕ್ಷೆಗೆಂದು ತರಿಸಿದ ಮಷಿನ್ನಿನ ಗಡುವು ಇವತ್ತು ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ಅದೇ ನಾಲ್ಕಕ್ಕೆ ಗಣಿಯವರ ಲಾರಿಯೂ ಬರುತ್ತಿತ್ತು. ಗಣಿಯ ತಳದಲ್ಲಿ ನೀರೆತ್ತುವ ಹಳೆಯ ಪಂಪಿಗೆ ಈ ಚಕ್ರ ಬೇಕು, ಆ ಪಂಪಿನ ಕೃಪೆಯಲ್ಲಿ ಪ್ರತಿ ಪಾಳಿಯಲ್ಲೂ ಇನ್ನೂರು ಜನ ಕೆಳಗಿಳಿಯುತ್ತಾರೆ.

“ವಿಚಿತ್ರ ಕಣ್ರೀ,” ಎಂದರು ಯಜಮಾನರು. “ನಮ್ಮ ಅಂಗಡೀಲಿ ಹೊಸ ಬಟ್ಟೆ ನೀರಿಗೆ ಬಿದ್ರೆ ಕುಗ್ತಿತ್ತು. ಗಿರಾಕಿಗೆ ಅರ್ಧ ಗೇಣು ಜಾಸ್ತಿ ಹೊಲಿಸ್ಕೊಳಿ ಅಂತಿದ್ವಿ. ಇಲ್ಲಿ ನೋಡಿದ್ರೆ ಉಕ್ಕು ಹಿಗ್ಗಿ ಬರ್ತಿದೆ.”

ತೂಕದಮ್ಮನ ಕಣ್ಣು ತೆರೆಯಿತು.

ಕನಸಿನಲ್ಲಿ ಅವರು ಆಗತಾನೆ ತಮ್ಮ ತಾಯಿಯನ್ನು ನೋಡುತ್ತಿದ್ದರು. ತಾಯಿ ನೆಲದ ಮೇಲೆ ಬಟ್ಟೆ ಹರಡಿಕೊಂಡು, ಒಗೆದ ಮೇಲೆ ಸರಿಹೋಗಲಿ ಎಂದು ಲಂಗವನ್ನು ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ದೊಡ್ಡದಾಗಿ ಕತ್ತರಿಸುತ್ತಿದ್ದಳು. ಯಾವಾಗ ಕಂಡರೂ ಆ ತಾಯಿಯ ಮುಖಕ್ಕೆ ಬಿಸಿಲು ಬಿದ್ದಿರುತ್ತಿತ್ತು, ಎಚ್ಚರವಾದಾಗ ಎದೆ ಭಾರವಾಗುತ್ತಿತ್ತು. ಈ ಸಲ ಭಾರವಾಗಲಿಲ್ಲ. ಎದ್ದು ನೇರವಾಗಿ ಗೋಡೆ ಬದಿಯ ಕಪಾಟಿನ ಕಡೆಗೆ ನಡೆದರು.

“ಎದ್ರಾ ಅಮ್ಮಾ? ಕಾಫಿ ತರಿಸ್ಲಾ?” ಎಂದ ಟೈ ಸಾಹೇಬ, ನಗುತ್ತ.

ಅವನ ಎಡಗೈಯಲ್ಲಿ, ಯಾವತ್ತಿನಂತೆ, ಹೊಲಿಗೆ ಮಷಿನ್ನಿನ ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಎಡ ಭುಜ ಎರಡು ಬೆರಳು ಕೆಳಗಿಳಿದಿತ್ತು. ತೂಕದಮ್ಮನಿಗೆ ಇಂಥದ್ದು ಬೇಡವೆಂದರೂ ಕಾಣುತ್ತದೆ.

“ಅದರಲ್ಲೇನಪ್ಪಾ ಇಷ್ಟು ಭಾರ?”

“ಕಾಗದ ಪತ್ರ ಅಮ್ಮಾ. ಕಂಪನಿ ಪುಸ್ತಕಗಳು.”

“ಅಷ್ಟು ಓದಿದ್ರೆ ನನಗೂ ಟೈ ಕಟ್ಟಿಸ್ತಿದ್ರೇನೋ,” ಎಂದು ಅವರು ಕಪಾಟು ತೆರೆದರು.

ಆರು ಚಕ್ರಗಳೂ ಸಾಲಾಗಿ ಮಲಗಿದ್ದವು. ಕಿಟಕಿಯ ಬಿಸಿಲು ಅವುಗಳ ರೆಕ್ಕೆಗಳ ಮೇಲೆ ಬಿದ್ದು ಗೋಡೆಗೆಲ್ಲ ನೀರಿನ ಬೆಳಕು ಎರಚಿತ್ತು. ಇಷ್ಟು ಚೆಂದದ ಗುಜರಿಯನ್ನು ತೂಕದಮ್ಮ ನೋಡಿರಲಿಲ್ಲ. ಇಲಾಖೆಯ ಮುದ್ರೆಯಿದ್ದ ತಮ್ಮ ಸ್ಟೀಲ್ ಸ್ಕೇಲನ್ನು ಚೀಲದಿಂದ ತೆಗೆದು ಮತ್ತೊಮ್ಮೆ ಅಳೆದರು. ಅಡ್ಡಗಲ ಮುನ್ನೂರು ಮಿಲಿಮೀಟರ್ ಇರಬೇಕಿತ್ತು, ಮುನ್ನೂರ ಆರು ಇತ್ತು. ನಡುವಿನ ತೂತು ಐವತ್ತಿರಬೇಕಿತ್ತು, ಐವತ್ತೊಂದು ಇತ್ತು. ಎತ್ತರ ನೂರು ಇರಬೇಕಿತ್ತು, ನೂರ ಎರಡು. ಎಲ್ಲಿ ಹಿಡಿದರೂ ನೂರಕ್ಕೆ ಎರಡು ಹೆಚ್ಚು. ಆರರಲ್ಲೂ ಅಷ್ಟೇ, ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ.

ಮಷಿನ್ ಕೆಟ್ಟಿದ್ದರೆ ಒಂದು ಕಡೆ ಉಬ್ಬುತ್ತಿತ್ತು, ಇನ್ನೊಂದು ಕಡೆ ತಗ್ಗುತ್ತಿತ್ತು. ಕೈ ನಡುಗಿದ್ದರೆ ಒಂದೊಂದು ಚಕ್ರ ಒಂದೊಂದು ಥರ ಇರುತ್ತಿತ್ತು. ತಪ್ಪಿಗೆ ಇಷ್ಟು ಶಿಸ್ತು ಇರುವುದಿಲ್ಲ.

ಬಳಿಕ ತಮ್ಮ ತಕ್ಕಡಿಗೆ ಹಾಕಿದರು. ಪ್ರತಿಯೊಂದೂ ಹತ್ತು ಕಿಲೋ ಆರುನೂರು ಗ್ರಾಂ, ಮೇಲೆ ಒಂದು ಚಿಟಿಕೆ. ಬೆರಳು ಮಡಿಸಿ ಲೆಕ್ಕ ಹಾಕಿದರು. ಉದ್ದ, ಅಗಲ, ಎತ್ತರ ಮೂರರಲ್ಲೂ ನೂರಕ್ಕೆ ಎರಡು ಕುಗ್ಗಿಸಿದರೆ ಸರಿಯಾದ ಚಕ್ರ ಹತ್ತು ಕಿಲೋ ತೂಗಬೇಕು, ಸರಿಯಾಗಿ ಹತ್ತು.

ಮಷಿನ್ನಿನ ಪಕ್ಕ ನಿಂತಿದ್ದ ಹುಡುಗಿ ಇದನ್ನೆಲ್ಲ ನೋಡುತ್ತಿದ್ದಳು. ಇಪ್ಪತ್ತೈದರ ಪ್ರಾಯ, ಕೊರಳಿನ ದಾರದಲ್ಲಿ ಮಷಿನ್ ಬಾಗಿಲಿನ ಕೀ. ಅಂಥ ಕೀ ಎರಡೇ ಇದ್ದವು, ಇನ್ನೊಂದು ಟೈ ಸಾಹೇಬನ ಜೇಬಿನಲ್ಲಿ. ಅವಳು ಪ್ಯಾಟರ್ನ್ ಮೇಸ್ತ್ರಿಯ ಒಬ್ಬಳೇ ಮಗಳು. ಅಪ್ಪ ಇಟ್ಟ ಹೆಸರು ಏನಾದರೂ ಇರಲಿ, ಕಾರ್ಖಾನೆಗೆಲ್ಲ ಗುಬ್ಬಿ. ನಾಲ್ಕು ಗಂಟೆಯೊಳಗೆ ನಿಜ ಹೊರಬರದಿದ್ದರೆ ‘ಬೇಕೆಂದೇ ಮಾಲು ಕೆಡಿಸಿದವಳು’ ಎಂಬ ಪತ್ರದೊಂದಿಗೆ ಅವಳು ಗೇಟು ದಾಟಬೇಕಿತ್ತು. ಆಮೇಲೆ ಯಾವ ಕಾರ್ಖಾನೆಯವರೂ ಅವಳನ್ನು ಮಷಿನ್ನಿನ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

“ಗುಬ್ಬೀ, ಹಳೇ ಚಕ್ರ ಸವೆದು ಹೋಗಿತ್ತಲ್ವಾ? ಹಾಗಾದ್ರೆ ಇದರ ಆಕಾರ ಕಂಪ್ಯೂಟರಿಗೆ ಎಲ್ಲಿಂದ ಬಂತು?”

“ಅಪ್ಪ ಮರದಲ್ಲಿ ಬರೀ ಮಾದರಿ ಕೆತ್ತಿಕೊಟ್ರು ಅಮ್ಮಾ, ಎರಕದ ಪೂರ್ತಿ ಅಚ್ಚಲ್ಲ. ಅದನ್ನ ಸ್ಕ್ಯಾನ್ ಮಾಡ್ದೆ.” ಅವಳ ಕಣ್ಣು ಹಸಿರು ಗಾಜಿನ ಕಡೆಗೇ ಇತ್ತು.

ಊಟದ ಬೆಲ್ ಹೊಡೆಯಿತು. ಕಟರ್ ಕೊನೆಯ ಸುತ್ತು ಮುಗಿಸಿ ನಿಂತಿತು, ಬಿಳಿ ಪೆಟ್ಟಿಗೆ ತಣಿಯಲು ತೊಡಗಿತು. ಯಜಮಾನರು ಗುಬ್ಬಿಯನ್ನು ಕೊನೆಯ ಸಲ ವಿಚಾರಿಸಬೇಕೆಂದು ಆಫೀಸಿಗೆ ಕರೆದುಕೊಂಡು ಹೋದರು. ಜನ ಡಬ್ಬಿ ಹಿಡಿದು ಅಂಗಳಕ್ಕೆ ಇಳಿದರು. ಟೈ ಸಾಹೇಬ ಮಾತ್ರ, “ನನಗೆ ಹಸಿವಿಲ್ಲ, ಇಲ್ಲೇ ಇರ್ತೀನಿ,” ಎಂದು ಸ್ಟೂಲಿನ ಮೇಲೆ ಕೂತ.

ತೂಕದಮ್ಮ ಪ್ಯಾಟರ್ನ್ ಶಾಪಿನ ಹಾದಿ ಹಿಡಿದರು.

*

ಆ ಕೋಣೆಗೆ ಕಾಲಿಟ್ಟರೆ ಹೊರಗಿನ ಸದ್ದು ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಮರದ ಹುಡಿ ಬಿಸಿಲಿನ ಕೋಲಿನಲ್ಲಿ ನಿಧಾನವಾಗಿ ಏರುತ್ತ ಇಳಿಯುತ್ತ ಇತ್ತು. ಅಟ್ಟದ ತುಂಬ ಮರದ ಅಚ್ಚುಗಳು. ಹಲ್ಲುಚಕ್ರ, ಕೊಳವೆಯ ಮೊಣಕೈ, ಯಾವುದೋ ಕಾಲದ ಎಂಜಿನ್ನಿನ ಹೊಟ್ಟೆ. ಪ್ರತಿ ಅಚ್ಚಿಗೂ ಕೆಂಪು ಬಣ್ಣ, ಮೈಮೇಲೆ ಹುಟ್ಟಿದ ಇಸವಿ. ಇವುಗಳಿಂದ ಹುಟ್ಟಿದ ಕಬ್ಬಿಣ ಎಲ್ಲೆಲ್ಲೋ ತಿರುಗಿ ಸವೆದು ಮಣ್ಣಾಗಿ ಹೋಗಿರಬೇಕು. ಅಚ್ಚುಗಳು ಮಾತ್ರ ಮೊನ್ನೆ ಕೆತ್ತಿದಷ್ಟು ಹೊಸದಾಗಿ ಮಲಗಿದ್ದವು.

ಮೇಸ್ತ್ರಿ ಡಬ್ಬಿ ಬಿಚ್ಚಿಯೂ ಊಟ ಮಾಡುತ್ತಿರಲಿಲ್ಲ. ಅರವತ್ತು ದಾಟಿದ ಒಣಕಲು ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್.

“ಬನ್ನಿ ಅಮ್ಮಾವ್ರೇ, ಕೂತ್ಕೊಳಿ. ಊಟ ಆಯ್ತಾ?”

“ಇನ್ನೂ ಇಲ್ಲ ಮೇಸ್ತ್ರಿಗಳೇ. ಒಂದು ಸ್ಕೇಲ್ ಬೇಕಿತ್ತು, ಸ್ವಲ್ಪ ಕೊಡ್ತೀರಾ?”

“ನಿಮ್ಮ ಹತ್ರಾನೇ ಇದೆಯಲ್ಲ.”

“ನಿಮ್ಮದು ಬೇಕು.”

ಮೇಸ್ತ್ರಿಯ ಕೈ ಡಬ್ಬಿಯ ಮೇಲೆ ನಿಂತಿತು. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಹಿತ್ತಾಳೆಯ ಅಳತೆಪಟ್ಟಿಯ ಕಡೆ ಅವರ ಕಣ್ಣು ಹೋಗಿ, ಸುಟ್ಟುಕೊಂಡ ಹಾಗೆ ಹಿಂದಕ್ಕೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದೆಂದರೆ ಇದೇ. ತೂಕದಮ್ಮನಿಗೆ ಪಾಪ ಅನಿಸಿತು. ಅವರಿಗೆ ಈ ಮನುಷ್ಯನನ್ನು ಕಂಡರೆ ಇಷ್ಟ, ಅದೇ ಕಷ್ಟ.

ಅವರೇ ಎದ್ದು ಪಟ್ಟಿಯನ್ನು ಮೊಳೆಯಿಂದ ತೆಗೆದು ಬೆಂಚಿನ ಮೇಲಿಟ್ಟರು. ಪಕ್ಕದಲ್ಲಿ ತಮ್ಮ ಸ್ಟೀಲ್ ಸ್ಕೇಲು. ಎರಡರ ಸೊನ್ನೆಯನ್ನೂ ಸಮ ಮಾಡಿದರು. ಹತ್ತರ ಗೆರೆಯಲ್ಲೇ ಕಂಡೂ ಕಾಣದಷ್ಟು ಅಂತರ. ನೂರಕ್ಕೆ ಬಂದಾಗ ಎರಡು ಗೆರೆ. ಮುನ್ನೂರಕ್ಕೆ ಬಂದಾಗ ಹಿತ್ತಾಳೆಯ ಮುನ್ನೂರು, ಉಕ್ಕಿನ ಮುನ್ನೂರ ಆರರ ಎದುರಿಗೆ ನಿಂತಿತ್ತು.

“ಮೂವತ್ತನಾಲ್ಕು ವರ್ಷ ಸುಳ್ಳು ಹೇಳೋ ಸ್ಕೇಲು ಹುಡುಕ್ಕೊಂಡು ಅಲೆದಿದೀನಿ,” ಎಂದರು ತೂಕದಮ್ಮ. “ಇಷ್ಟು ಪ್ರಾಮಾಣಿಕವಾಗಿ ಸುಳ್ಳು ಹೇಳೋದನ್ನ ಇವತ್ತೇ ನೋಡಿದ್ದು.”

“ಅದು ಸುಳ್ಳಲ್ಲ ಅಮ್ಮಾವ್ರೇ.” ಮೇಸ್ತ್ರಿಯ ದನಿಯಲ್ಲಿ ಮೊದಲು ಬಂದದ್ದು ರೋಷ. “ಕರಗಿದ ಉಕ್ಕು ತಣಿಯುವಾಗ ನೂರಕ್ಕೆ ಎರಡು ಪಾಲು ಕುಗ್ಗುತ್ತೆ. ಅದಕ್ಕೇ ಅಚ್ಚನ್ನ ಅಷ್ಟೇ ಹಿಗ್ಗಿಸಿ ಕೆತ್ತಬೇಕು. ಪ್ರತಿ ಸಲ ಗುಣಿಸ್ತಾ ಕೂರೋಕೆ ಆಗುತ್ತಾ? ಅದಕ್ಕೆ ಗೆರೆಯನ್ನೇ ಹಿಗ್ಗಿಸಿ ಪಟ್ಟಿ ಮಾಡಿರ್ತಾರೆ. ನಮ್ಮ ಕಸುಬಿನವರ ಮನೇಲಿ ಬೇರೆ ಪಟ್ಟೀನೇ ಇರಲ್ಲ.”

“ಸರಿ. ಆದ್ರೆ ಆ ಹೊಸ ಮಷಿನ್ನು?”

ಮೇಸ್ತ್ರಿ ಡಬ್ಬಿಯ ಮುಚ್ಚಳ ಮುಚ್ಚಿದರು.

“ಅದು ಕೊನೇಲಿ ತಾನೇ ಕೆತ್ತಿ ಅಳತೆಗೆ ತರುತ್ತೆ. ಕುಗ್ಗೋ ಮಾತೇ ಇಲ್ಲ. ನೀವು ಕೊಟ್ಟ ಮರದ ಚಕ್ರ ಮುನ್ನೂರ ಆರು ಇತ್ತು, ಅದು ಮುನ್ನೂರ ಆರೇ ಮಾಡಿ ಕೊಡ್ತು. ಪಾಪದ ಮಷಿನ್ನು, ಹೇಳಿದ್ದು ಹೇಳಿದ ಹಾಗೆ ಕೇಳಿದೆ.”

ದೂರದಲ್ಲಿ ಅಂಗಳದ ನಲ್ಲಿಯಡಿ ಯಾರೋ ಡಬ್ಬಿ ತೊಳೆಯುವ ಸದ್ದು. ಮರದ ಹುಡಿ ಬಿಸಿಲಿನಲ್ಲಿ ತೇಲುತ್ತಲೇ ಇತ್ತು.

“ಬೇಕಂತ ಮಾಡಿದ್ದಲ್ಲ,” ಎಂದರು ಮೇಸ್ತ್ರಿ ಕೊನೆಗೆ. “ನಲವತ್ತೊಂದು ವರ್ಷದ ಕೈ. ಪಟ್ಟಿ ತಗೊಂಡಿತು, ಗೆರೆ ಹಾಕಿತು. ಮೊದಲನೇ ಚಕ್ರ ಪಂಪಿನೊಳಗೆ ಇಳೀಲಿಲ್ಲ ಅಂದ್ರಲ್ಲ, ಆ ಗಳಿಗೇಲೇ ನನಗೆ ಹೊಳೀತು.”

“ಹೊಳೆದ ಮೇಲೆ?”

“ಬಾಯಿ ಬಿಡ್ಲಿಲ್ಲ.” ಅವರು ಅಟ್ಟದ ಕಡೆ ನೋಡಿದರು. “ಮಷಿನ್ ಸೋತ್ರೆ ವಾಪಸ್ ಹೋಗುತ್ತೆ, ಇವೆಲ್ಲ ಉಳಿಯುತ್ತೆ ಅಂದ್ಕೊಂಡೆ. ನಾನೇನು ಅದರ ವೈರಿ ಅಲ್ಲ ಅಮ್ಮಾವ್ರೇ. ಒಂದೇ ಒಂದು ಚಕ್ರ ಬೇಕು ಅಂದ್ರೆ ಅದೇ ಸರಿ, ಒಂದಕ್ಕೋಸ್ಕರ ನಾನು ಇಪ್ಪತ್ತು ದಿನ ಮರ ಕೆತ್ತೋದು ದಂಡ. ನೂರು ಬೇಕು ಅಂದ್ರೆ ನನ್ನ ಅಚ್ಚೇ ಸರಿ, ಒಂದು ಸಲ ಕೆತ್ತಿದ್ರೆ ನೂರಕ್ಕೂ ಅದೇ ಆಗುತ್ತೆ. ಒಂದಕ್ಕೆ ಅದು, ನೂರಕ್ಕೆ ನಾನು. ಇಬ್ರೂ ಒಂದೇ ಸೂರಿನಡಿ ಬದುಕ್ಬೋದಿತ್ತು. ಆದ್ರೆ ಆ ಟೈ ಕಟ್ಟಿದವನ ಲೆಕ್ಕದಲ್ಲಿ ಒಬ್ರು ಹೋಗ್ಲೇಬೇಕು.”

“ನಿಮ್ಮ ಲೆಕ್ಕದಲ್ಲಿ ಮಗಳು ಹೋಗ್ತಿದಾಳಲ್ಲ, ಮೇಸ್ತ್ರಿಗಳೇ.”

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮುದುಕನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋಗಿ ಕೈಯ ಹುಡಿಯೆಲ್ಲ ಕಣ್ಣಿಗೆ ಮೆತ್ತಿಕೊಂಡರು.

“ಮಷಿನ್ನಿಗೆ ಬೈತಾರೆ, ಅವಳಿಗೆ ಬೈಯಲ್ಲ ಅಂದ್ಕೊಂಡಿದ್ದೆ. ಅವಳದ್ದೇನಿದೆ ತಪ್ಪು? ಅವಳಿಗೇನೂ ಗೊತ್ತಿಲ್ಲ. ಕಂಪ್ಯೂಟರ್ ಓದ್ದವಳು. ಮರದ ಹುಡಿ ಅಂದ್ರೆ ಸೀನ್ತಾಳೆ.”

ತೂಕದಮ್ಮ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದರು. ಬೆರಳಿಗೆ ಏನೋ ತಗಲಿತು. ಚೌಕಟ್ಟಿನ ಮರದ ಮೇಲೆ ಒಂದರ ಮೇಲೊಂದು ಪೆನ್ಸಿಲ್ ಗೆರೆ, ಪ್ರತಿ ಗೆರೆಯ ಪಕ್ಕ ಪುಟ್ಟ ಅಂಕಿ. ಕೆಳಗಿನ ಗೆರೆ ಅವರ ಸೊಂಟಕ್ಕೂ ಬರುತ್ತಿರಲಿಲ್ಲ.

“ಇದೇನು?”

ಮೇಸ್ತ್ರಿಯ ಮುಖ ಅಷ್ಟು ದುಃಖದಲ್ಲೂ ಸ್ವಲ್ಪ ಅರಳಿತು. “ಗುಬ್ಬಿ. ಪ್ರತಿ ವರ್ಷ ಹುಟ್ಟಿದ ದಿನ ಇಲ್ಲಿ ನಿಲ್ಲಿಸಿ ಅಳೀತಿದ್ದೆ. ಅವಳಮ್ಮ ಹೋದ್ಮೇಲೆ ಶಾಲೆ ಬಿಟ್ಟ ತಕ್ಷಣ ಇಲ್ಲೇ ಬಂದು ಕೂರೋಳು. ಏಳನೇ ವರ್ಷ ಒಂದು ರಂಪ ಮಾಡಿದ್ಲು ನೋಡಿ! ಶಾಲೇಲಿ ಡಾಕ್ಟರು ಅಳೆದ್ರೆ ನೂರ ಇಪ್ಪತ್ತೆರಡು ಸೆಂಟಿಮೀಟರ್, ಇಲ್ಲಿ ಅಳೆದ್ರೆ ನೂರ ಇಪ್ಪತ್ತು. ‘ಅಪ್ಪಾ, ನಿನ್ನ ಪಟ್ಟಿ ನನ್ನನ್ನ ಗಿಡ್ಡ ಮಾಡುತ್ತೆ’ ಅಂತ ನೆಲಕ್ಕೆ ಬಿದ್ದು ಅತ್ತಿದ್ಲು. ಆಮೇಲೆ ತೊಡೆ ಮೇಲೆ ಕೂರಿಸ್ಕೊಂಡು ಎಲ್ಲ ಬಿಡಿಸಿ ಹೇಳಿದ್ದೆ. ಉಕ್ಕು ಕುಗ್ಗುತ್ತೆ ಕಣೇ, ಅದಕ್ಕೇ ನಮ್ಮ ಪಟ್ಟಿ...”

ಮೇಸ್ತ್ರಿಯ ಮಾತು ಅಲ್ಲಿಗೇ ನಿಂತಿತು.

ತೂಕದಮ್ಮ ಚೌಕಟ್ಟಿನ ಗೆರೆಯಿಂದ ಬೆರಳು ತೆಗೆದರು. ಹೇಳುವಂಥದ್ದನ್ನು ಮೇಸ್ತ್ರಿ ಆಗಲೇ ತಮ್ಮ ಬಾಯಿಂದಲೇ ಹೇಳಿಬಿಟ್ಟಿದ್ದರು. ಆ ಮಾತು ಮರದ ಹುಡಿಯ ಜೊತೆ ಬಿಸಿಲಿನಲ್ಲಿ ತೇಲಿ ಮೆಲ್ಲಗೆ ಅವರ ಮೇಲೆಯೇ ಬಂದು ಕೂರುತ್ತಿತ್ತು.

“ಅವಳಿಗೆ ಗೊತ್ತು,” ಎಂದರು ಮೇಸ್ತ್ರಿ, ಪಿಸುದನಿಯಲ್ಲಿ.

“ಏಳನೇ ವಯಸ್ಸಿಂದ ಗೊತ್ತು. ಕಂಪ್ಯೂಟರಲ್ಲಿ ನೂರಕ್ಕೆ ಎರಡು ಕಡಿಮೆ ಮಾಡು ಅಂತ ಒಂದು ಅಂಕಿ ಹಾಕಿದ್ರೆ ಮುಗೀತಿತ್ತು. ಹಾಕ್ಲಿಲ್ಲ. ಮೊದಲನೇ ಚಕ್ರ ನಿಮ್ಮದು, ಮೇಸ್ತ್ರಿಗಳೇ. ಮಿಕ್ಕ ಐದು ಅವಳದು.”

“ನನಗೋಸ್ಕರ?”

“ಇನ್ಯಾರಿಗೋಸ್ಕರ? ನೀವು ಅವಳಿಗೆ ಹೇಳ್ದೆ ಮುಚ್ಚಿಟ್ರಿ, ಅವಳು ನಿಮಗೆ ಹೇಳ್ದೆ ಮುಚ್ಚಿಟ್ಲು. ಒಂದೇ ಮನೇಲಿ, ಒಂದೇ ಒಲೆ ಮುಂದೆ.”

ಮೇಸ್ತ್ರಿ ಎದ್ದು ನಿಂತರು. ಮೊಣಕಾಲು ಚಟಚಟ ಎಂದವು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬೆಂಚಿನ ಮೇಲೆ, ಹಿತ್ತಾಳೆ ಪಟ್ಟಿಯ ಪಕ್ಕ ಇಟ್ಟರು.

“ಯಜಮಾನ್ರಿಗೆ ನಾನೇ ಹೇಳ್ತೀನಿ. ಆರೂ ನಂದೇ ಅಂತೀನಿ.”

“ನನ್ನೆದುರಿಗೆ ಸುಳ್ಳು ತೂಕ ಹೇಳ್ಬೇಡಿ.”

“ಅಮ್ಮಾವ್ರೇ, ನಿಮಗೆ ಮಕ್ಕಳಿದಾರಾ?”

ತೂಕದಮ್ಮನಿಗೆ ಮಕ್ಕಳಿರಲಿಲ್ಲ. ಅವರು ತಮ್ಮ ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡರು.

*

ಮೂರೂವರೆ. ಬಿಳಿ ಪೆಟ್ಟಿಗೆಯ ಸುತ್ತ ಎಲ್ಲರೂ ನಿಂತಿದ್ದರು. ಗಣಿಯ ಲಾರಿ ಅರ್ಧ ಗಂಟೆ ಮೊದಲೇ ಬಂದು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು.

ಮೇಸ್ತ್ರಿ ಯಜಮಾನರ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. “ಯಜಮಾನ್ರೇ, ಒಂದು ಮಾತಿತ್ತು.”

“ಆಮೇಲೆ ಮೇಸ್ತ್ರಿ. ಮೊದಲು ಇದನ್ನ ನೋಡೋಣ. ಗುಬ್ಬೀ, ಬಾಗಿಲು ತೆಗಿ.”

ಗುಬ್ಬಿ ಕೊರಳಿನ ಕೀ ತೆಗೆದು ಬೀಗ ತಿರುಗಿಸಿದಳು. ಬಾಗಿಲು ಜಾರಿತು. ಒಳಗಿನಿಂದ ಬೆಚ್ಚಗಿನ ಗಾಳಿ ಹೊರಬಂತು. ನಡುವೆ ಚಕ್ರ ಮಲಗಿತ್ತು, ಮಧ್ಯಾಹ್ನದ ಬಿಸಿಲನ್ನೆಲ್ಲ ಮೈಗೆ ಬಳಿದುಕೊಂಡು. ಎತ್ತಿಕೊಳ್ಳಲು ಹೋದ ಹುಡುಗಿಯ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತದ್ದನ್ನು ತೂಕದಮ್ಮ ಕಂಡರು. ಹೆದರಿದ್ದಾಳೆ, ಪಾಪ, ಎಂದುಕೊಂಡರು.

ಚಕ್ರ ಮೇಜಿಗೆ ಬಂತು. ಯಜಮಾನರು ತೂಕದಮ್ಮನ ಕಡೆ ತಿರುಗಿದರು. ಅವರು ಸ್ಕೇಲನ್ನು ಅಡ್ಡಲಾಗಿ ಇಟ್ಟು, ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

ಮುನ್ನೂರು.

ನಡುವಿನ ತೂತು ಐವತ್ತು. ಎತ್ತರ ನೂರು. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ.

“ಸರಿಯಾಗಿದೆ,” ಎಂದರು ತೂಕದಮ್ಮ. ಅವರಿಗೇ ತಿಳಿಯದಂತೆ ಮುಖದಲ್ಲಿ ನಗೆ ಮೂಡಿತು. ಹುಡುಗಿ ಕೊನೆಗೆ ಮನಸ್ಸು ಬದಲಾಯಿಸಿ ಆ ಒಂದು ಅಂಕಿಯನ್ನು ಹಾಕಿದ್ದಾಳೆ! ಇನ್ನು ಯಾರೂ ಯಾರ ಮೇಲೂ ತಪ್ಪು ಹೊರಿಸುವ ಅಗತ್ಯವಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಯಜಮಾನರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಹತ್ತಿರದ ಕಂಬ ಹಿಡಿದುಕೊಂಡರು. ಆಡಬೇಕೆಂದಿದ್ದ ಮಾತು ಇನ್ನೂ ಅವರ ತುಟಿಯ ಮೇಲೆಯೇ ಇತ್ತು, ಎಲ್ಲಿ ಇಡುವುದೆಂದು ತಿಳಿಯದೆ ನುಂಗಿಕೊಂಡರು.

“ನಾನು ಹೇಳ್ಲಿಲ್ವಾ ಸರ್?” ಎಂದ ಟೈ ಸಾಹೇಬ. “ಮಷಿನ್ನಿನಲ್ಲಿ ದೋಷ ಇಲ್ಲ ಅಂತ. ಕಾಗದಕ್ಕೆ ಸಹಿ ಹಾಕ್ಬಿಡಿ, ನನಗೆ ಐದು ಗಂಟೆಗೆ ರೈಲು.” ಅವನು ಬಗ್ಗಿ ತನ್ನ ಕಪ್ಪು ಪೆಟ್ಟಿಗೆಯನ್ನು ಎತ್ತಿದ, ಎರಡೂ ಕೈಯಿಂದ.

ಬೆಳಿಗ್ಗೆ ಒಂದೇ ಕೈ ಸಾಕಾಗಿತ್ತಲ್ಲ, ಎಂದುಕೊಂಡರು ತೂಕದಮ್ಮ. ಮಧ್ಯಾಹ್ನಕ್ಕೆಲ್ಲ ಪುಸ್ತಕ ದಪ್ಪಗಾಗುತ್ತದೆಯೇ? ಆ ಯೋಚನೆ ಬಂದಷ್ಟೇ ಮೆಲ್ಲಗೆ ಜಾರಿಹೋಯಿತು. ಸಂತೋಷದಲ್ಲಿ ಮನುಷ್ಯನಿಗೆ ಸ್ವಲ್ಪ ಮಂಪರು.

“ಒಂದು ಕೆಲಸ ಉಳೀತು,” ಎಂದರು ಯಜಮಾನರು. “ಗಣಿಯವರ ಚೀಟಿಗೆ ತೂಕ ಬರೀಬೇಕು. ತೂಕದಮ್ಮನೋರೇ, ನಿಮ್ಮ ಕೈಯಿಂದಲೇ ಆಗ್ಲಿ.”

ತೂಕದಮ್ಮ ಚಕ್ರವನ್ನು ತಕ್ಕಡಿಯ ಮೇಲೆ ಇಟ್ಟರು. ಇಡುವಾಗ ಅಂಚು ತಟ್ಟೆಗೆ ತಗುಲಿ ಸದ್ದಾಯಿತು. ಹಿಂದಿನ ಆರೂ ‘ಟಕ್’ ಎಂದು ಸುಮ್ಮನಾಗಿದ್ದವು. ಇದು ಗಂಟೆಯ ಹಾಗೆ ಕಂಪಿಸುತ್ತ, ಬಹಳ ಹೊತ್ತು, ಯಾರೋ ದೂರದಲ್ಲಿ ಹಾಡಿಕೊಳ್ಳುವ ಹಾಗೆ ಉಲಿಯಿತು.

“ಆಹಾ, ಎಂಥ ನಾದ!” ಎಂದರು ಯಜಮಾನರು.

ಮುಳ್ಳು ನಿಂತಿತು. ತೂಕದಮ್ಮ ನೋಡಿದರು. ಹತ್ತು ಕಿಲೋ ಇರಬೇಕಾದ ಚಕ್ರ ಎಂಟೂವರೆ ಇತ್ತು.

ಅವರ ಮಂಪರು ಇಳಿಯಿತು. ಅಳತೆಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ, ತೂಕದಲ್ಲಿ ಒಂದೂವರೆ ಕಿಲೋ ಇಲ್ಲ. ಅಂದರೆ ಒಳಗೆ ಟೊಳ್ಳು. ಪುಡಿ ಉಳಿಸಲೋ, ಹೊತ್ತು ಉಳಿಸಲೋ ಯಾರೋ ಉಕ್ಕಿನ ಚರ್ಮ ಮಾತ್ರ ಬೆಳೆಸಿ, ಹೊಟ್ಟೆಯನ್ನು ಖಾಲಿ ಬಿಟ್ಟು ಮುಚ್ಚಿದ್ದಾರೆ. ಇಂದು ರಾತ್ರಿ ಗಣಿಯ ತಳದಲ್ಲಿ ಇದು ತಿರುಗತೊಡಗುತ್ತದೆ, ಇನ್ನೂರು ಜನರ ಪಕ್ಕದಲ್ಲಿ.

“ಎಷ್ಟು ಬಂತು, ತೂಕದಮ್ಮನೋರೇ?” ಯಜಮಾನರು ಪೆನ್ನು ಬಿಚ್ಚಿ ಕಾಯುತ್ತಿದ್ದರು.

ತೂಕದಮ್ಮ ಗುಬ್ಬಿಯ ಕಡೆ ನೋಡಿದರು. ಹುಡುಗಿಯ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನೀನೇನೇ ಮಾಡಿದೆ ಇದನ್ನು? ಅಪ್ಪನಿಗೋಸ್ಕರ ಇಷ್ಟು ದೂರವೇ? ಆದರೆ ಗುಬ್ಬಿ ನೋಡುತ್ತಿದ್ದದ್ದು ಚಕ್ರವನ್ನಲ್ಲ. ಸಹಿಗೂ ಕಾಯದೆ ಗೇಟಿನ ಕಡೆ ಹೆಜ್ಜೆ ಹಾಕುತ್ತಿದ್ದ ಟೈ ಸಾಹೇಬನನ್ನು, ಅವನ ಎರಡೂ ಕೈಯಲ್ಲಿ ಜೋತುಬಿದ್ದಿದ್ದ ಕಪ್ಪು ಪೆಟ್ಟಿಗೆಯನ್ನು.

ಅವಳು ತೂಕದಮ್ಮನ ಹತ್ತಿರ ಸರಿದಳು. ತಕ್ಕಡಿಯ ಮೇಲೆ ಬಗ್ಗಿದ ಹಾಗೆ ಮಾಡಿ ಕಿವಿಯಲ್ಲಿ ಹೇಳಿದಳು.

“ಅಮ್ಮಾ, ಇದು ನಾನು ಮಾಡಿದ್ದಲ್ಲ. ನಾನು ಏಳನೇದನ್ನೂ ಮುನ್ನೂರ ಆರೇ ಮಾಡಿದ್ದೆ.”